ಪಾಸ್ ತಗೋಬೇಕಾ, ಟಿಕೆಟ್ ಸಾಕಾ? ಊರು ನೋಡುವವರಿಗೆ ಒಂದು ಲೆಕ್ಕದ ಪಾಠ

ಪಾಸ್ ಅಂದ ಕೂಡಲೇ ನಮ್ಮ ಕಡೆಯವರಿಗೆ ಮೊದಲು ನೆನಪಾಗೋದು ವಿದ್ಯಾರ್ಥಿ ಬಸ್ ಪಾಸ್. ನಾವು ನಾಲ್ವರು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯಿಂದ ಬೆಂಗಳೂರಿಗೆ ಎಂಜಿನಿಯರಿಂಗ್ ಓದಲು ಬಂದವರು. ಪಿಯುಸಿ ಮುಗಿಯುವವರೆಗೂ ಆ ಪಾಸ್ ಹಿಡಿದೇ ಓಡಾಡಿದ್ದೇವೆ. ಅದು ಲಾಭವೋ ನಷ್ಟವೋ ಅಂತ ಯಾರೂ ಲೆಕ್ಕ ಹಾಕಲಿಲ್ಲ. ದಿನಾ ಹೋಗಬೇಕು, ದಿನಾ ಬರಬೇಕು, ಹಾಗಾಗಿ ಲಾಭ ಖಂಡಿತ.

ಊರು ನೋಡಲು ತಗೊಳ್ಳುವ ಪಾಸ್ ಹಾಗಲ್ಲ. ಅಲ್ಲಿ ಎಷ್ಟು ಕಡೆ ಹೋಗ್ತೀವಿ ಅನ್ನೋದೇ ಗೊತ್ತಿರೋದಿಲ್ಲ. ಗೊತ್ತಿಲ್ಲದ ಸಂಖ್ಯೆಯ ಮೇಲೆ ಮೊದಲೇ ದುಡ್ಡು ಕಟ್ಟುತ್ತೇವೆ. ಕಳೆದ ಸೆಮಿಸ್ಟರ್‌ನಲ್ಲಿ ನಾವು ಹಾಗೆ ಕಟ್ಟಿ ಒಂದು ತಪ್ಪು ಮಾಡಿದೆವು. ಆ ತಪ್ಪಿನಿಂದ ಕಲಿತದ್ದನ್ನೇ ಇಲ್ಲಿ ಪಾಠದ ರೂಪದಲ್ಲಿ ಬರೆಯುತ್ತಿದ್ದೇವೆ.

ಮೊದಲು ನಡೆದದ್ದು

ನಮ್ಮಲ್ಲಿ ಬನಹಟ್ಟಿಯವನ ಅಪ್ಪ ಮೊದಲ ಸಲ ಬೆಂಗಳೂರಿಗೆ ಬಂದರು. ನಾವೆಲ್ಲ ಅವರಿಗೆ ಕಾಕಾ ಅಂತೀವಿ. ಅವರದು ಪವರ್‌ಲೂಮ್ ಕೆಲಸ, ನೇಯ್ದ ಸೀರೆಯ ಲೆಕ್ಕದಲ್ಲಿ ಕೂಲಿ. ಮಗ್ಗ ನಿಂತರೆ ಆ ದಿನದ ದುಡಿಮೆ ಇಲ್ಲ. ರಾತ್ರಿ ಬಸ್ಸಿಗೆ ಬಂದು, ಮಗನ ಕಾಲೇಜು ನೋಡಿ, ಮರುದಿನ ಊರು ಸುತ್ತಿ, ಅವತ್ತೇ ರಾತ್ರಿ ವಾಪಸ್. ಅಂದರೆ ಬೆಂಗಳೂರು ನೋಡಲು ಇದ್ದದ್ದು ಒಂದೇ ದಿನ.

ನಾವು ಹಿಂದಿನ ರಾತ್ರಿಯೇ ಲೆಕ್ಕ ಹಾಕಿದೆವು. ಬಿಎಂಟಿಸಿ ಸಾಮಾನ್ಯ ಬಸ್ಸಿನ ದಿನದ ಪಾಸ್ ಮೊದಲು 70 ರೂಪಾಯಿ ಇತ್ತು, 2025ರ ಜನವರಿಯಲ್ಲಿ ದರ ಏರಿದ ಮೇಲೆ 80 ಆಯಿತು. ಲಾಲ್‌ಬಾಗ್, ಬಸವನಗುಡಿ, ಬನಶಂಕರಿ, ವಿಧಾನಸೌಧ, ಹಲಸೂರು ಕೆರೆ, ಮಲ್ಲೇಶ್ವರ ಅಂತ ಆರು ಜಾಗ ಬರೆದೆವು. ಮೆಜೆಸ್ಟಿಕ್‌ಗೆ ವಾಪಸ್ ಬರೋದು ಸೇರಿ ಏಳು ಬಸ್. ಒಂದು ಟಿಕೆಟ್ ಸರಾಸರಿ 15 ರೂಪಾಯಿ ಹಿಡಿದರೆ 105. ಪಾಸ್ ತಗೊಂಡರೆ ತಲೆಗೆ 25 ರೂಪಾಯಿ ಉಳಿತಾಯ. ಕಾಕಾ, ನಾವಿಬ್ಬರು ಹುಡುಗರು, ಮೂರು ಪಾಸ್, ಒಟ್ಟು ಉಳಿತಾಯ 75. ಬೀಳಗಿಯ ಗೆಳತಿಗೆ ಶಕ್ತಿ ಯೋಜನೆ ಇರುವುದರಿಂದ ಪಾಸೇ ಬೇಡ.

ಬೆಳಗ್ಗೆ ಲಾಲ್‌ಬಾಗ್. ಕೆಂಪೇಗೌಡ ಗೋಪುರ ಇರುವ ಬಂಡೆ ಹತ್ತಿದೆವು. ಆ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು ಅಂತ ಹೇಳಿದ್ದೇ ತಡ, ಕಾಕಾ ಅದನ್ನು ಕೈಯಿಂದ ಮುಟ್ಟಿ ನೋಡಿ ಅಲ್ಲೇ ಕೂತುಬಿಟ್ಟರು. "ತಮ್ಮಾ, ಇಲ್ಲೇ ಒಂದ ತಾಸು ಕುಂದ್ರೂಣು. ಗಾಳಿ ಭಾಳ ಚಲೋ ಐತಿ" ಅಂದರು.

"ಇಲ್ಲಪ್ಪಾ, ಏಳು. ಪಾಸ್ ತಗೊಂಡೀವಿ, ಇನ್ನೂ ಐದ ಜಾಗಾ ಅದಾವ" ಅಂದ ಮಗ. ನಾವೂ ಅದಕ್ಕೇ ದನಿಗೂಡಿಸಿದೆವು.

ಆಮೇಲೆ ಇಡೀ ದಿನ ಓಟ. ಟ್ರಾಫಿಕ್‌ನಲ್ಲಿ ಬನಶಂಕರಿ ತಪ್ಪಿತು, ಮಧ್ಯಾಹ್ನದ ಬಿಸಿಲಿಗೆ ಹಲಸೂರು ತಪ್ಪಿತು. ಕೊನೆಗೆ ಹತ್ತಿದ್ದು ಐದೇ ಬಸ್. ಐದು ಹದಿನೈದಲೆ ಎಪ್ಪತ್ತೈದು. ಪಾಸಿಗೆ ಕೊಟ್ಟದ್ದು 80. ಮೂರು ಜನಕ್ಕೆ 15 ರೂಪಾಯಿ ನಷ್ಟ. ರಾತ್ರಿ ಊಟಕ್ಕೆ ಕೂತಾಗ ನಾವು ಈ ಲೆಕ್ಕ ಹೇಳಿದೆವು. ಕಾಕಾ ನಕ್ಕರು. "ಖಾನಾವಳ್ಯಾಗ ರೊಕ್ಕಾ ಕೊಟ್ಟೀವಿ ಅಂತ ಎರಡ ರೊಟ್ಟಿ ಹೆಚ್ಚ ತಿಂದ್ರ, ಹೊಟ್ಟಿ ಬ್ಯಾನಿ ಬರೂದು ನಮಗ ಅಲ್ಲೇನ್ರೋ?"

ನಮ್ಮ ತಪ್ಪು ಎಲ್ಲಿತ್ತು? ಒಂದೊಂದಾಗಿ ನೋಡೋಣ.

ಹೆಜ್ಜೆ 1: ಎಷ್ಟು ಸಲಕ್ಕೆ ಪಾಸಿನ ದುಡ್ಡು ಹುಟ್ಟುತ್ತದೆ?

ಇದು ಸುಲಭ. ಪಾಸಿನ ಬೆಲೆಯನ್ನು ಸರಾಸರಿ ಟಿಕೆಟ್ ದರದಿಂದ ಭಾಗಿಸಿ. 80 ಭಾಗ 15 ಅಂದರೆ 5.33. ಮೂರನೇ ಒಂದು ಬಸ್ ಹತ್ತೋಕೆ ಆಗಲ್ಲ, ಆದ್ದರಿಂದ 6. ಆರನೇ ಬಸ್ ಹತ್ತಿದ ಮೇಲಷ್ಟೇ ಲಾಭ ಶುರು. ದೂರದ ಓಡಾಟವಿದ್ದು ಸರಾಸರಿ ಟಿಕೆಟ್ 25 ಆದರೆ ನಾಲ್ಕನೇ ಬಸ್ಸಿಗೇ ಲಾಭ. ಹತ್ತಿರ ಹತ್ತಿರದ ಜಾಗಗಳಾಗಿ ಸರಾಸರಿ 10ಕ್ಕೆ ಇಳಿದರೆ ಎಂಟು ಬಸ್ ಹತ್ತಿದರೂ ಬರೀ ಸಮ ಸಮ.

ಹೆಜ್ಜೆ 2: ಬೋರ್ಡಿನ ಮೇಲಿನ ಬೆಲೆಗೆ ಹೋಲಿಸಬೇಡಿ

ಪಾಸ್ ಮಾರುವವರು "ಬಿಡಿಯಾಗಿ ತಗೊಂಡರೆ ಇಷ್ಟು, ನಮ್ಮ ಹತ್ತಿರ ಇಷ್ಟೇ" ಅನ್ನುತ್ತಾರೆ. ಆ ಮೊದಲ 'ಇಷ್ಟು' ನಿಮಗೆ ಅನ್ವಯಿಸುತ್ತದಾ ನೋಡಿ.

ನಮ್ಮ ಬಾಗಲಕೋಟೆ ಜಿಲ್ಲೆಯನ್ನೇ ತಗೊಳ್ಳಿ. ಭಾರತೀಯ ಪುರಾತತ್ವ ಇಲಾಖೆಯ ಟಿಕೆಟ್ ನಮ್ಮವರಿಗೆ ಪಟ್ಟದಕಲ್ಲಿನಲ್ಲಿ 40, ಬಾದಾಮಿ ಗುಹೆಗಳಿಗೆ 25, ಐಹೊಳೆಯ ದುರ್ಗ ಗುಡಿಯ ಆವರಣಕ್ಕೆ 25. ಒಟ್ಟು 90. ಯಾರಾದರೂ "ಮೂರಕ್ಕೂ ಸೇರಿ 75ರ ಪಾಸ್" ಅಂತ ತಂದರೆ 15 ರೂಪಾಯಿ ಉಳೀತು ಅನ್ನಿಸಬಹುದು. ಆದರೆ ಆನ್‌ಲೈನ್‌ನಲ್ಲಿ ತಗೊಂಡರೆ ಒಂದೊಂದಕ್ಕೆ 5 ಕಡಿಮೆ, ಅಲ್ಲೇ 75 ಆಯ್ತು. ಉಳಿತಾಯ ಸೊನ್ನೆ. ಜೊತೆಗೆ 15 ವರ್ಷದೊಳಗಿನ ತಮ್ಮ-ತಂಗಿಯರಿದ್ದರೆ ಅವರಿಗೆ ಟಿಕೆಟ್ಟೇ ಇಲ್ಲ. ಅವರಿಗೂ ಪಾಸ್ ತಗೊಂಡರೆ ಪೂರ್ತಿ ನಷ್ಟ.

ಬಸ್ಸಿನಲ್ಲೂ ಅಷ್ಟೇ. 2023ರ ಜೂನ್ 11ರಿಂದ ಕರ್ನಾಟಕದ ಹೆಣ್ಣುಮಕ್ಕಳಿಗೆ ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಬಸ್ ಉಚಿತ. ಹಾಗಾಗಿ 'ಗುಂಪಿಗೆ ಲಾಭವೋ' ಅಂತ ಒಟ್ಟಾಗಿ ಕೇಳಬಾರದು. ಗುಂಪಿನ ಒಬ್ಬೊಬ್ಬರಿಗೂ ಬೇರೆ ಬೇರೆ ಲೆಕ್ಕ ಹಾಕಬೇಕು. ಇಷ್ಟರ ಮಟ್ಟಿಗೆ ನಾವು ಸರಿಯಾಗೇ ಮಾಡಿದ್ದೆವು.

ಹೆಜ್ಜೆ 3: ಹೋಗಬೇಕು ಅನ್ನೋದು ಬೇರೆ, ಹೋಗ್ತೀವಿ ಅನ್ನೋದು ಬೇರೆ

ಇಲ್ಲಿ ನಾವು ಎಡವಿದೆವು. ಏಳು ಬಸ್ಸನ್ನೂ ಖಚಿತ ಅಂತ ಹಿಡಿದೆವು. ಮ್ಯಾಥ್ಸ್‌ನಲ್ಲಿ ಸಂಭವನೀಯತೆ ಓದಿದ್ದೀವಲ್ಲ, ಅದನ್ನು ಇಲ್ಲಿ ಬಳಸಬೇಕಿತ್ತು. ಪ್ರತಿ ಪ್ರಯಾಣದ ಮುಂದೆ ಅದು ನಿಜಕ್ಕೂ ಆಗುವ ಸಾಧ್ಯತೆ ಬರೆಯಿರಿ:

ಲಾಲ್‌ಬಾಗ್ – 1
ಬಸವನಗುಡಿ – 1
ಬನಶಂಕರಿ – 0.5
ವಿಧಾನಸೌಧ – 0.9
ಹಲಸೂರು ಕೆರೆ – 0.4
ಮಲ್ಲೇಶ್ವರ – 0.7
ಮೆಜೆಸ್ಟಿಕ್‌ಗೆ ವಾಪಸ್ – 1

ಕೂಡಿದರೆ 5.5. ಅದನ್ನು 15ರಿಂದ ಗುಣಿಸಿದರೆ 82 ರೂಪಾಯಿ 50 ಪೈಸೆ. 25 ರೂಪಾಯಿ ಉಳಿಯುತ್ತದೆ ಅಂದುಕೊಂಡಿದ್ದ ಪಾಸಿನಲ್ಲಿ ನಿಜವಾಗಿ ನಿರೀಕ್ಷಿಸಬಹುದಾಗಿದ್ದ ಉಳಿತಾಯ ಎರಡೂವರೆ ರೂಪಾಯಿ! ಒಂದು ಚಹಾ ಕೂಡ ಬರಲ್ಲ.

ಹೆಜ್ಜೆ 4: ಪಾಸಿನ ಷರತ್ತು ಓದಿ

ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು. ಯಾವುದು ಸೇರಿಲ್ಲ? ಯಾವಾಗಿನಿಂದ ಯಾವಾಗಿನವರೆಗೆ? ಆ ದಿನ ಜಾಗ ತೆರೆದಿರುತ್ತದಾ?

ಬಿಎಂಟಿಸಿಯ ಸಾಮಾನ್ಯ ಪಾಸ್ ಹಿಡಿದು ಎಸಿ ಬಸ್ ಹತ್ತೋಕೆ ಆಗಲ್ಲ. ಹಂಪಿಯಲ್ಲಿ 40 ರೂಪಾಯಿಯ ಒಂದೇ ಟಿಕೆಟ್ ವಿಠ್ಠಲ ದೇವಸ್ಥಾನಕ್ಕೂ ಕಮಲ ಮಹಲ್ ಆವರಣಕ್ಕೂ ನಡೆಯುತ್ತದೆ, ಅಂದರೆ ಅದೂ ಒಂದು ಪುಟ್ಟ ಪಾಸ್. ಆದರೆ ಅದೇ ದಿನಕ್ಕೆ ಮಾತ್ರ. ಸಂಜೆ ಒಂದು ನೋಡಿ ಬೆಳಗ್ಗೆ ಇನ್ನೊಂದು ನೋಡ್ತೀನಿ ಅಂದರೆ ಮತ್ತೆ 40. ಬಾದಾಮಿ, ಐಹೊಳೆಯ ಪುರಾತತ್ವ ಇಲಾಖೆಯ ಮ್ಯೂಸಿಯಂಗಳಿಗೆ ಶುಕ್ರವಾರ ರಜೆ.

ಎಂಎಸ್‌ಗೆ ಹೊರದೇಶಕ್ಕೆ ಹೋಗುವವರಿಗೂ ಇದೇ ಮಾತು, ಬರೀ ದುಡ್ಡು ದೊಡ್ಡದು. ಪ್ಯಾರಿಸ್‌ನ ಮ್ಯೂಸಿಯಂ ಪಾಸ್ 2, 4, 6 ದಿನಗಳದ್ದು ಸಿಗುತ್ತದೆ. ಮೊದಲ ಜಾಗಕ್ಕೆ ಕಾಲಿಟ್ಟ ಗಳಿಗೆಯಿಂದ ಗಡಿಯಾರ ಓಡತೊಡಗುತ್ತದೆ, ನಡುವೆ ವಿಶ್ರಾಂತಿ ತಗೊಂಡರೂ ನಿಲ್ಲೋದಿಲ್ಲ. ಎಲ್ಲರೂ ನೋಡಬೇಕೆನ್ನುವ ಐಫೆಲ್ ಗೋಪುರ ಅದರಲ್ಲಿ ಸೇರಿಲ್ಲ. ಲಂಡನ್‌ನ ಬ್ರಿಟಿಷ್ ಮ್ಯೂಸಿಯಂಗೆ ಪಾಸ್ ಬೇಕೇ ಇಲ್ಲ, ಪ್ರವೇಶ ಉಚಿತ.

ಹೆಜ್ಜೆ 5: ದಿನದ ಬೆಲೆ ಎಷ್ಟು?

ಇದೇ ಮುಖ್ಯವಾದ ಹೆಜ್ಜೆ, ನಾವು ಬರೆಯದೇ ಬಿಟ್ಟ ಹೆಜ್ಜೆಯೂ ಇದೇ.

ನಮ್ಮ ಚೀಟಿಯಲ್ಲಿ 80 ಇತ್ತು, 105 ಇತ್ತು. ಕಾಕಾ ಮಗ್ಗ ನಿಲ್ಲಿಸಿ ಬಂದದ್ದು ಇರಲಿಲ್ಲ. ನೇಯದೇ ಬಿಟ್ಟ ಸೀರೆಗಳ ಕೂಲಿ, ಎರಡು ರಾತ್ರಿಯ ನಿದ್ದೆಗೇಡು, ಹೋಗಿ ಬರುವ ಬಸ್ ಚಾರ್ಜು, ಇವೆಲ್ಲ ಸೇರಿದರೆ ಅವರ ಆ ಒಂದು ದಿನದ ಮುಂದೆ 80 ರೂಪಾಯಿ ಯಾವ ಲೆಕ್ಕ? ಅಷ್ಟು ಬೆಲೆಯ ದಿನವನ್ನು 25 ರೂಪಾಯಿ ಉಳಿಸಲು ಖರ್ಚು ಮಾಡಿದೆವು. ಅವರು ಕೇಳಿದ್ದು ಬಂಡೆಯ ಮೇಲೆ ಒಂದು ತಾಸು.

ಇನ್ನೊಂದು ಮಾತು. ಪಾಸಿಗೆ ಕೊಟ್ಟ ದುಡ್ಡು ಕೊಟ್ಟಾಯ್ತು. ಕೂತರೂ ಅದು ವಾಪಸ್ ಬರಲ್ಲ, ಓಡಿದರೂ ಬರಲ್ಲ. ಲಾಲ್‌ಬಾಗ್‌ನಲ್ಲಿ ನಿಂತಾಗ ನಾವು ಕೇಳಿಕೊಳ್ಳಬೇಕಾಗಿದ್ದು 'ಪಾಸ್ ಹೇಗೆ ವಸೂಲಿ ಮಾಡೋದು' ಅಂತಲ್ಲ, 'ಈಗಿನಿಂದ ರಾತ್ರಿವರೆಗೆ ಕಾಕಾಗೆ ಯಾವುದು ಚಲೋ' ಅಂತ. ಇದನ್ನು ಮುಳುಗಿದ ವೆಚ್ಚ ಅಂತ ಮ್ಯಾನೇಜ್‌ಮೆಂಟ್ ಪೇಪರ್‌ನಲ್ಲಿ ಓದಿ, ಬರೆದು, ಪಾಸೂ ಆಗಿದ್ದೆವು. ಬಸ್ಸಿನಲ್ಲಿ ನೆನಪಾಗಲಿಲ್ಲ.

ಹಾಗಾದರೆ ಪಾಸ್ ಬೇಡವೇ ಬೇಡವಾ?

ಹಾಗೇನಿಲ್ಲ. ಫೆಸ್ಟ್‌ಗೆ ಪ್ರಾಯೋಜಕರನ್ನು ಹುಡುಕಲು ಹೋದ ದಿನ ನಮ್ಮಲ್ಲೊಬ್ಬ ಒಂಬತ್ತು ಬಸ್ ಹತ್ತಿದ. 80ರ ಪಾಸ್, 135ರ ಓಡಾಟ. ಎಲ್ಲಿಗೆ ಹೋಗಬೇಕು ಅನ್ನೋದು ಮೊದಲೇ ಗಟ್ಟಿಯಾಗಿತ್ತು, ಎಲ್ಲೂ ಕೂರುವ ಆಸೆ ಇರಲಿಲ್ಲ. ಪಿಜಿ ಹುಡುಕೋಕೆ ಹೊರಟವರಿಗೂ, ತಪ್ಪಿ ಇಳಿದರೆ ಮತ್ತೊಂದು ಬಸ್ ಹತ್ತಬೇಕಾದ ಹೊಸಬರಿಗೂ ಪಾಸ್ ಒಳ್ಳೆಯದೇ. ಪ್ರತಿ ಸಲ ಚಿಲ್ಲರೆ ಹುಡುಕುವ ತಾಪತ್ರಯ ತಪ್ಪುತ್ತದೆ, ಅದಕ್ಕೂ ಒಂದು ಬೆಲೆ ಇದೆ.

ಮಗ್ಗದ ಮಾತಲ್ಲಿ ಹೇಳೋದಾದರೆ, ಟಿಕೆಟ್ ಅಂದರೆ ಸೀರೆ ಲೆಕ್ಕದ ಕೂಲಿ, ಪಾಸ್ ಅಂದರೆ ಒಟ್ಟು ಗುತ್ತಿಗೆ. ಕೆಲಸ ಎಷ್ಟಂತ ಗೊತ್ತಿದ್ದರೆ ಗುತ್ತಿಗೆ. ಗೊತ್ತಿಲ್ಲದಿದ್ದರೆ ಬಿಡಿ ಲೆಕ್ಕವೇ ಕ್ಷೇಮ.

ಅಭ್ಯಾಸ: ನಮ್ಮ ನಾಲ್ಕೂರಿನ ಪಾಸ್

ಒಂದು ಪ್ರಶ್ನೆ ನಿಮಗೆ ಬಿಡುತ್ತೇವೆ. ಜಮಖಂಡಿಯ ರಾಮತೀರ್ಥ, ರನ್ನನ ಊರು ಮುಧೋಳ, ಬೇಟೆನಾಯಿಯ ಸಂಶೋಧನಾ ಕೇಂದ್ರ ಇರುವ ತಿಮ್ಮಾಪುರ, ಬೀಳಗಿಯ ಅರೆತ್ತಿನ ಬಾವಿ, ರಬಕವಿ-ಬನಹಟ್ಟಿಯ ಮಗ್ಗದ ಓಣಿಗಳು. ಇವಕ್ಕೆಲ್ಲ ಸೇರಿ ಯಾರಾದರೂ ಒಂದು ದಿನದ ಬಸ್ ಪಾಸ್ ಮಾರಿದರೆ ಎಷ್ಟು ಕೊಡಬಹುದು?

ಸುಳಿವು: ಗುಡಿಗೂ ಓಣಿಗೂ ಟಿಕೆಟ್ ಇಲ್ಲ. ನೀವು ಹುಡುಗಿಯಾಗಿದ್ದರೆ ಬಸ್ಸಿಗೂ ಇಲ್ಲ. ಅಲ್ಲಿ ಕೊರತೆ ಇರೋದು ದುಡ್ಡಿನದಲ್ಲ, ಮುಂದಿನ ಬಸ್ ಎಷ್ಟೊತ್ತಿಗೆ ಅನ್ನೋದರದು. ಹಾಗಾಗಿ ಬೆಲೆಪಟ್ಟಿ ಬದಲು ಬಸ್ಸಿನ ವೇಳಾಪಟ್ಟಿ ಮುಂದಿಟ್ಟುಕೊಂಡು ಲೆಕ್ಕ ಮಾಡಿ.

ಕಾಕಾ ಮತ್ತೆ ಬರ್ತೀನಿ ಅಂದಿದ್ದಾರೆ. ಈ ಸಲ ಪಾಸ್ ತಗೊಳ್ಳಲ್ಲ. ಮೆಜೆಸ್ಟಿಕ್‌ನಿಂದ ಲಾಲ್‌ಬಾಗ್‌ಗೆ ಟಿಕೆಟ್ ತಗೋತೀವಿ, ಅವರು ಏಳೋಣ ಅಂದಾಗ ಮುಂದಿನ ಟಿಕೆಟ್ಟಿನ ಮಾತು.