ವೃದ್ಧಾಶ್ರಮದ ಒಡೆತನ ಮತ್ತು ಆರೈಕೆ ಕಾರ್ಮಿಕರ ಹಕ್ಕು

ಪುಣೆ ಜಿಲ್ಲೆಯ ಭೋರ್‌ನಂಥ ತಾಲ್ಲೂಕಿನಲ್ಲಿ ವೃದ್ಧಾಶ್ರಮವನ್ನು ಧರ್ಮಾರ್ಥ ಟ್ರಸ್ಟ್ ನಡೆಸಬಹುದು, ಲಾಭಕ್ಕಾಗಿ ಕಂಪನಿಯೂ ನಡೆಸಬಹುದು. ಹಾಸಿಗೆ ಹಿಡಿದ ಹಿರಿಯರಿಗೆ ಬೆನ್ನಹುಣ್ಣಾಗದಂತೆ ರಾತ್ರಿಯಿಡೀ ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಆಯಾಳ ದುಡಿಮೆ ಎರಡೂ ಕಡೆ ಒಂದೇ ಆದರೂ ಕಾನೂನಿನ ರಕ್ಷಣೆ ಒಂದೇ ಅಲ್ಲ. ಆದುದರಿಂದ ಕೆಲಸ ಅರಸಿ ಪುಣೆ ಜಿಲ್ಲೆಗೆ ಹೋಗುವ ವಿಜಯಪುರ, ಕಲಬುರಗಿ ಕಡೆಯ ಕನ್ನಡಿಗರು ಸಂಸ್ಥೆಯ ಒಡೆಯರು ಯಾರೆಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಸಾರ್ವಜನಿಕ ಟ್ರಸ್ಟಿನ ನೋಂದಣಿ ವಿವರ ಪುಣೆಯ ಧರ್ಮದಾಯ ಆಯುಕ್ತರ ಕಚೇರಿಯಲ್ಲಿಯೂ, ಕಂಪನಿಯ ವಿವರ ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿಯೂ ಸಿಗುತ್ತದೆ.

ಒಡೆತನದೊಂದಿಗೆ ಬದಲಾಗುವ ಹಕ್ಕುಗಳು

1978ರ ಬೆಂಗಳೂರು ಜಲಮಂಡಳಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠವು ‘ಉದ್ಯಮ’ ಎಂಬುದಕ್ಕೆ ವಿಶಾಲವಾದ ಅರ್ಥ ನೀಡಿ, ಅನೇಕ ಸೇವಾಸಂಸ್ಥೆಗಳನ್ನೂ ಅದರ ವ್ಯಾಪ್ತಿಗೆ ತಂದಿತ್ತು. ಆದರೆ 2025ರ ನವೆಂಬರ್ 21ರಂದು ಜಾರಿಗೆ ಬಂದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯು, ಪೂರ್ಣವಾಗಿ ಅಥವಾ ಬಹುಪಾಲು ಧರ್ಮಾರ್ಥ ಇಲ್ಲವೆ ಸಮಾಜಸೇವೆಯಲ್ಲಿ ತೊಡಗಿದ ಸಂಘಟನೆಗಳ ಸಂಸ್ಥೆಗಳನ್ನು ಆ ವ್ಯಾಖ್ಯೆಯಿಂದ ಹೊರಗಿಟ್ಟಿರುವುದರಿಂದ, ಅಂಥ ಕಡೆ ವಜಾಗೊಂಡವರಿಗೆ ಕೈಗಾರಿಕಾ ನ್ಯಾಯಮಂಡಳಿಯ ದಾರಿ ಕಿರಿದಾಗಿದೆ. ಕಂಪನಿಯ ಆಶ್ರಮವು ಬೇರೆಯವರಿಗೆ ಹಸ್ತಾಂತರವಾದಾಗ, ಒಂದು ವರ್ಷ ಸತತ ದುಡಿದ ಕಾರ್ಮಿಕರಿಗೆ ನೋಟಿಸ್ ಮತ್ತು ಪರಿಹಾರ ಸಲ್ಲಬೇಕು. ಹಿಂದಿನ ಸೇವೆ ಕಡಿಯದೆ, ಷರತ್ತುಗಳು ಕೆಡದೆ ಹೊಸ ಒಡೆಯರಲ್ಲಿ ಕೆಲಸ ಮುಂದುವರಿದು, ಹಳೆಯ ಸೇವೆಯ ಹೊಣೆಯನ್ನೂ ಅವರು ಹೊತ್ತರೆ ಮಾತ್ರ ಇದಕ್ಕೆ ವಿನಾಯಿತಿ ಉಂಟು. ಲಾಭದ ಉದ್ದೇಶವಿಲ್ಲದ ಸಮಾಜ ಕಲ್ಯಾಣ ಸಂಸ್ಥೆಗಳಿಗೆ ಶಾಸನಬದ್ಧ ಬೋನಸ್ ಕೂಡ ಅನ್ವಯಿಸುವುದಿಲ್ಲ.

ಬದಲಾಗದ ಹಕ್ಕುಗಳು

2019ರ ವೇತನ ಸಂಹಿತೆಯ ಪ್ರಕಾರ ಒಡೆಯರು ಯಾರೇ ಇರಲಿ, ಕನಿಷ್ಠ ವೇತನ ಕೊಡಬೇಕು, ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು ದರ ಸಲ್ಲಬೇಕು, ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೈಸೇರಬೇಕು. ನೇಮಿಸಿಕೊಂಡವರು ಕೂಲಿ ಕೊಡದೆ ಹೋದರೆ, ಸಂಹಿತೆಯ 43ನೇ ಕಲಮಿನಂತೆ ಸಂಸ್ಥೆಯ ಒಡೆತನವುಳ್ಳ ಕಂಪನಿ, ಸಂಘ ಅಥವಾ ವ್ಯಕ್ತಿಯೇ ಅದನ್ನು ಪಾವತಿಸಬೇಕಾಗುತ್ತದೆ. ಗುತ್ತಿಗೆದಾರನತ್ತ ಬೆರಳು ತೋರಿಸಿ ಒಡೆಯರು ಜಾರಿಕೊಳ್ಳುವಂತಿಲ್ಲ.

ಹಕ್ಕು ಕೇಳುವ ಕ್ರಮ

ನೇಮಕಾತಿ ಪತ್ರ, ವೇತನ ಚೀಟಿ, ಪಾಳಿಯ ಹಾಜರಿ ಹಾಗೂ ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಗಳನ್ನು ಕಾದಿರಿಸಿಕೊಂಡು, ಬಾಕಿ ಹುಟ್ಟಿದ ದಿನದಿಂದ ಮೂರು ವರ್ಷಗಳೊಳಗೆ ವೇತನ ಸಂಹಿತೆಯಡಿ ನೇಮಕಗೊಂಡ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ಕಾರ್ಮಿಕ ಸಂಘವೂ ಕಾರ್ಮಿಕರ ಪರವಾಗಿ ಸಲ್ಲಿಸಬಹುದು. ಬಾಕಿ ಪಾವತಿಸಲಾಗಿದೆ ಎಂದು ಸಾಬೀತುಪಡಿಸುವ ಹೊಣೆ ಮಾಲೀಕರದು. ಪ್ರಾಧಿಕಾರವು ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೂ ಪರಿಹಾರ ಕೊಡಿಸಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರಿಗೆ, ಆದಾಯ ಎಷ್ಟೇ ಇದ್ದರೂ, ಉಚಿತ ವಕೀಲರ ನೆರವು ದೊರೆಯುತ್ತದೆ. ಸಹಾಯವಾಣಿ ಸಂಖ್ಯೆ 15100. ಸೇವೆಯ ಹೆಸರಿನಲ್ಲಿ ಕೂಲಿ ಕಡಿತವಾದಾಗ ಆಯಾಗಳು ಸುಮ್ಮನಿರದೆ ಈ ನೆರವನ್ನು ಕೇಳಿ ಪಡೆಯಬೇಕು.