ಇರಾನ್ ನಿರ್ಬಂಧಗಳು: ಸರ್ಕಾರಗಳು ಹೇಳಿದ್ದು, ಬ್ಯಾಂಕುಗಳು ಮಾಡಿದ್ದು

ಅಮೆರಿಕದ ಅಧ್ಯಕ್ಷರು ತಮ್ಮ ವಿದೇಶಾಂಗ ನೀತಿಯನ್ನು ಹಠಾತ್ತನೆ ಬದಲಿಸಿದಾಗ ಇತರ ರಾಷ್ಟ್ರಗಳ ಖಂಡನೆ, ವಿಷಾದ, ಸ್ವಾಗತಗಳು ಪತ್ರಿಕೆಗಳ ಮುಖಪುಟದಲ್ಲಿ ಪ್ರಕಟವಾಗುತ್ತವೆ. ಇವುಗಳನ್ನೇ ನಂಬಿ ಸರಕು ಸಾಗಿಸುವ ವರ್ತಕರು ನಮ್ಮಲ್ಲಿ ವಿರಳವೇನಲ್ಲ. ಸರ್ಕಾರಗಳ ಪ್ರತಿಕ್ರಿಯೆ ಒಂದು ಬಗೆಯಾಗಿದ್ದು, ಬ್ಯಾಂಕುಗಳ ಪ್ರತಿಕ್ರಿಯೆ ಅದಕ್ಕೆ ತೀರ ವ್ಯತಿರಿಕ್ತವಾಗಿರಬಹುದು ಎಂಬುದನ್ನು 2018ರ ಇರಾನ್ ಪ್ರಕರಣದ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಇರಾನ್ ತನ್ನ ಪರಮಾಣು ಚಟುವಟಿಕೆಯನ್ನು ಮಿತಿಗೊಳಿಸಬೇಕು, ಪ್ರತಿಯಾಗಿ ಅದರ ಮೇಲಿನ ನಿರ್ಬಂಧಗಳು ಸಡಿಲವಾಗಬೇಕು ಎಂಬ ಒಪ್ಪಂದ 2015ರ ಜುಲೈ 14ರಂದು ವಿಯೆನ್ನಾದಲ್ಲಿ ಏರ್ಪಟ್ಟಿತ್ತು. 2018ರ ಮೇ 8ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅಮೆರಿಕ ಇದರಿಂದ ಹೊರನಡೆಯುವುದೆಂದು ಘೋಷಿಸಿದರು. ಇಸ್ರೇಲ್ ಮತ್ತು ಸೌದಿ ಅರೇಬಿಯಾ ಸ್ವಾಗತಿಸಿದವು. ಬ್ರಿಟನ್, ಫ್ರಾನ್ಸ್, ಜರ್ಮನಿಗಳು ಜಂಟಿಯಾಗಿ ವಿಷಾದ ವ್ಯಕ್ತಪಡಿಸಿ, ಒಪ್ಪಂದಕ್ಕೆ ತಾವು ಬದ್ಧವೆಂದು ಸಾರಿದವು.

ಯುರೋಪ್ ಹೇಳಿಕೆಗಷ್ಟೇ ತೃಪ್ತಿಪಡಲಿಲ್ಲ. ಅಮೆರಿಕದ ಇಂತಹ ನಿರ್ಬಂಧಗಳಿಗೆ ತನ್ನ ಕಂಪನಿಗಳು ಮಣಿಯಬಾರದೆಂದು 1996ರಲ್ಲಿ ರೂಪಿಸಿದ್ದ ಕಾನೂನನ್ನು ಇರಾನಿಗೂ ವಿಸ್ತರಿಸಿ, ಅದೇ ವರ್ಷದ ಆಗಸ್ಟ್ 7ರಂದು ಜಾರಿಗೆ ತಂದಿತು. ಕಾಗದದ ಮೇಲೆ ಇದಕ್ಕಿಂತ ಬಲವಾದ ಪ್ರತಿಕ್ರಿಯೆ ಸಾಧ್ಯವಿರಲಿಲ್ಲ. ಆದರೆ ಅದೇ ತಿಂಗಳು ಫ್ರಾನ್ಸಿನ ಟೋಟಲ್ ಕಂಪನಿ ಇರಾನಿನ ಸೌತ್ ಪಾರ್ಸ್ ಅನಿಲ ಯೋಜನೆಯಿಂದ ಹಿಂದೆ ಸರಿಯಿತು. ತನ್ನ ಹಣಕಾಸು ವ್ಯವಹಾರಗಳ ಶೇಕಡಾ 90ಕ್ಕೂ ಹೆಚ್ಚು ಭಾಗದಲ್ಲಿ ಅಮೆರಿಕದ ಬ್ಯಾಂಕುಗಳ ಪಾತ್ರವಿದೆ ಎಂಬುದು ಆ ಕಂಪನಿ ಮೇ ತಿಂಗಳಿನಲ್ಲೇ ನೀಡಿದ್ದ ಕಾರಣ.

ಪಾಠವಿರುವುದು ಇಲ್ಲಿಯೇ. ಮಾರುವವನೂ ಕೊಳ್ಳುವವನೂ ಅಮೆರಿಕದವರಲ್ಲದಿದ್ದರೂ ಬಿಲ್ಲು ಡಾಲರಿನಲ್ಲಿದ್ದರೆ ಹಣ ಸಾಮಾನ್ಯವಾಗಿ ನ್ಯೂಯಾರ್ಕಿನ ಯಾವುದಾದರೊಂದು ಬ್ಯಾಂಕಿನ ಖಾತೆಯ ಮೂಲಕ ಹಾದುಬರುತ್ತದೆ. ಹಾಗೆ ಹಾಯುವ ಕ್ಷಣದಲ್ಲಿ ಅಮೆರಿಕದ ಕಾನೂನು ಅನ್ವಯವಾಗುತ್ತದೆ. ಇರಾನ್, ಸುಡಾನ್, ಕ್ಯೂಬಾ ಸಂಬಂಧಿತ ವ್ಯವಹಾರಗಳಿಗಾಗಿ ಫ್ರಾನ್ಸಿನ ಬಿಎನ್‌ಪಿ ಪರಿಬಾ ಬ್ಯಾಂಕು 2014ರಲ್ಲಿ ತೆತ್ತ ಸುಮಾರು 890 ಕೋಟಿ ಡಾಲರ್ ದಂಡವನ್ನು ಯಾವ ಬ್ಯಾಂಕರನೂ ಮರೆತಿರಲಿಲ್ಲ. ಡಾಲರನ್ನು ತಪ್ಪಿಸಿ ವ್ಯವಹರಿಸಲೆಂದು ಮೂರೂ ದೇಶಗಳು 2019ರ ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿ 'ಇನ್‌ಸ್ಟೆಕ್ಸ್' ಎಂಬ ಸಂಸ್ಥೆ ಸ್ಥಾಪಿಸಿದವು. 2020ರ ಮಾರ್ಚ್‌ನಲ್ಲಿ ವೈದ್ಯಕೀಯ ಸಾಮಗ್ರಿಯ ಒಂದೇ ಒಂದು ವ್ಯವಹಾರ ನಡೆಸಿದ ಆ ಸಂಸ್ಥೆಯನ್ನು 2023ರಲ್ಲಿ ಮುಚ್ಚಲು ನಿರ್ಧರಿಸಲಾಯಿತು. ಮೂರು ದೊಡ್ಡ ಸರ್ಕಾರಗಳ ಇಚ್ಛಾಶಕ್ತಿಯ ಲೆಕ್ಕ ಇಷ್ಟೇ!

ಭಾರತದ ಅನುಭವವೂ ಭಿನ್ನವಲ್ಲ. ವಿಶ್ವಸಂಸ್ಥೆಯ ನಿರ್ಬಂಧಗಳನ್ನಲ್ಲದೆ ಏಕಪಕ್ಷೀಯ ನಿರ್ಬಂಧಗಳನ್ನು ಭಾರತ ಪಾಲಿಸದೆಂದು ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ 2018ರ ಮೇ ತಿಂಗಳಲ್ಲಿ ತಿಳಿಸಿದ್ದರು. ನವೆಂಬರಿನಲ್ಲಿ ಅಮೆರಿಕ ಭಾರತವೂ ಸೇರಿ ಎಂಟು ಖರೀದಿದಾರರಿಗೆ 180 ದಿನಗಳ ವಿನಾಯಿತಿ ನೀಡಿತು. 2019ರ ಮೇ ಆರಂಭದಲ್ಲಿ ಅದು ಮುಗಿದೊಡನೆ ತೈಲ ಖರೀದಿಯೂ ನಿಂತಿತು. ಇರಾನಿನ ಕಚ್ಚಾ ತೈಲವನ್ನು ವರ್ಷಗಳಿಂದ ಸಂಸ್ಕರಿಸುತ್ತಿದ್ದ ನಮ್ಮ ಮಂಗಳೂರಿನ ಎಂಆರ್‌ಪಿಎಲ್ ಬೇರೆಡೆ ನೋಡಬೇಕಾಯಿತು.

ರಫ್ತುದಾರರಿಗೆ ಪೆಟ್ಟು ಬಿದ್ದದ್ದು ಇದರ ಬೆನ್ನಿಗೆ. ತೈಲದ ಬೆಲೆಯನ್ನು ಯುಕೋ ಬ್ಯಾಂಕಿನ ಖಾತೆಯಲ್ಲಿ ರೂಪಾಯಿಯಲ್ಲೇ ಜಮಾ ಮಾಡಿ, ನಮ್ಮ ಬಾಸ್ಮತಿ, ಚಹಾ, ಔಷಧಗಳ ಹಣವನ್ನು ಅದರಿಂದಲೇ ಪಾವತಿಸುವ ವ್ಯವಸ್ಥೆಯಿತ್ತು. ಜಾಣ ಏರ್ಪಾಟೇ ಸರಿ. ಆದರೆ ತೈಲ ನಿಂತ ಮೇಲೆ ಖಾತೆಗೆ ಬರುವ ಹೊಳೆ ಬತ್ತಿ, ಇದ್ದ ಕೆರೆ ಖಾಲಿಯಾಗುತ್ತ ಬಂದಿತು. ನನ್ನ ಕಕ್ಷಿದಾರರೊಬ್ಬರು 2019ರಲ್ಲಿ ಯಂತ್ರದ ಬಿಡಿಭಾಗಗಳ ಒಂದು ಕಂತನ್ನು ಕಳುಹಿಸಿದ್ದರು. ಖರೀದಿದಾರ ಪ್ರಾಮಾಣಿಕ, ತನ್ನ ಊರಿನ ಬ್ಯಾಂಕಿಗೆ ಹಣವನ್ನೂ ಕಟ್ಟಿದ್ದ. ಅದು ಇಲ್ಲಿಗೆ ದಾಟಿಬರುವ ದಾರಿಯೇ ಇರಲಿಲ್ಲ. ಎರಡು ವರ್ಷ ಆ ಬಾಕಿಯನ್ನು ವಸೂಲಾಗಬಹುದೆಂದು ತೋರಿಸಿ, ಮೂರನೆಯ ವರ್ಷ ಭಾರವಾದ ಮನಸ್ಸಿನಿಂದ ವಜಾ ಮಾಡಿದೆವು. 'ಸರ್ಕಾರವೇ ಬೇಡವೆಂದಿರಲಿಲ್ಲವಲ್ಲ ಸಾರ್' ಎಂದು ಅವರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

2018ರಲ್ಲಿ ವಿಷಾದಿಸಿದ್ದ ಅದೇ ಮೂರು ಯುರೋಪಿಯನ್ ರಾಷ್ಟ್ರಗಳು ಇರಾನ್ ಷರತ್ತು ಉಲ್ಲಂಘಿಸಿದೆಯೆಂದು 2025ರ ಆಗಸ್ಟ್‌ನಲ್ಲಿ ದೂರಿತ್ತು, ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯ ನಿರ್ಬಂಧಗಳೂ ಮರಳಿ ಬರುವಂತೆ ಮಾಡಿದವು.

ಇಂತಹ ಯಾವುದೇ ದೇಶದಿಂದ ಆರ್ಡರು ಬಂದಾಗ ಸರಕು ಕಳುಹಿಸುವ ಮುನ್ನವೇ, ಹಣ ಯಾವ ಕರೆನ್ಸಿಯಲ್ಲಿ, ಯಾವ ಮಧ್ಯವರ್ತಿ ಬ್ಯಾಂಕಿನ ಮೂಲಕ ಬರುವುದೆಂದು ನಿಮ್ಮ ಬ್ಯಾಂಕನ್ನು ಲಿಖಿತವಾಗಿ ಕೇಳಿರಿ. ಆ ದೇಶಕ್ಕೆ ಇಸಿಜಿಸಿ ರಕ್ಷಣೆ ಲಭ್ಯವಿದೆಯೇ ಎಂಬುದನ್ನೂ ವಿಚಾರಿಸಿರಿ. ಮೂರನೆಯವರ ಖಾತೆಯಿಂದ ಹಣ ಕಳುಹಿಸುವೆನೆಂದು ಖರೀದಿದಾರ ಹೇಳಿದರೆ ಬ್ಯಾಂಕಿನ ಒಪ್ಪಿಗೆ ಪಡೆಯದೆ ಸಮ್ಮತಿಸಬೇಡಿರಿ. ಫೆಮಾ ನಿಗದಿಪಡಿಸಿದ ಅವಧಿಯಲ್ಲಿ ರಫ್ತಿನ ಹಣ ಬಾರದಿದ್ದರೆ ಪಡೆದ ಜಿಎಸ್‌ಟಿ ಮರುಪಾವತಿಯನ್ನೂ ಹಿಂದಿರುಗಿಸಬೇಕಾದ ಪ್ರಸಂಗ ಬರಬಹುದು.