ಮಗು ಮನೆಗೆ ಬರುವ ದಾರಿಯನ್ನು ಮೊದಲು ಕೇಳು

ಮಗಳೇ, ದಾಳಿಂಬೆ ತೋಟದ ಮೇಲೆ ಸಾಲ ಎತ್ತಿ, ಬಾಡಿಗೆ ತಾಯಿಯ ಮೂಲಕ ಮಗು ಪಡೆಯಲು ಪರದೇಶಕ್ಕೆ ಹೋಗುವುದೆಂದು ನೀನೂ ಅಳಿಯಂದಿರೂ ನಿಶ್ಚಯಿಸಿದ್ದೀರಂತೆ. ಗರ್ಭಕೋಶ ತೆಗೆಸಿಕೊಂಡ ಮೇಲೆ ನಾಸಿಕ ಜಿಲ್ಲೆಯ ನಿಮ್ಮ ಸಟಾಣಾದಲ್ಲಿ ನೆಂಟರಿಷ್ಟರ ಬಾಯಿಂದ ನೀನು ಏನೇನು ಕೇಳಿಸಿಕೊಂಡೆ ಎಂಬುದನ್ನು ನಾನು ಬಲ್ಲೆ. ಬೇರೊಬ್ಬಳ ಒಡಲಲ್ಲಿ ಬೆಳೆದರೂ ಅದು ನಿನ್ನ ಕೂಸೇ. ಬೇಡ ಎನ್ನಲು ಈ ಮಾತು ಎತ್ತಿಲ್ಲ.

ಏಜೆಂಟರನ್ನು ಎಲ್ಲರೂ ಮೊದಲು ಕೇಳುವುದು ಖರ್ಚೆಷ್ಟು, ಫಲ ಸಿಗುವ ಭರವಸೆ ಎಷ್ಟು ಎಂದು. ನೀನು ಮೊದಲು ಕೇಳಬೇಕಾದದ್ದು, ಹುಟ್ಟಿದ ಮಗು ಯಾವ ಕಾಗದದ ಮೇಲೆ ನಮ್ಮೂರಿಗೆ ಬರುತ್ತದೆ ಎಂದು.

ಇದನ್ನು ನಮ್ಮ ದೇಶವೇ ಕಲಿಸಿದೆ. ಒಂದು ಕಾಲದಲ್ಲಿ ಬಾಡಿಗೆ ತಾಯಿಯನ್ನು ಹುಡುಕಿಕೊಂಡು ಪರದೇಶದವರು ಇಲ್ಲಿಗೆ ಬರುತ್ತಿದ್ದರು. 2008ರಲ್ಲಿ ಗುಜರಾತಿನ ಆನಂದ್ ಪಟ್ಟಣದಲ್ಲಿ ಜಪಾನಿ ದಂಪತಿಗಾಗಿ ಒಂದು ಹೆಣ್ಣುಮಗು ಹುಟ್ಟಿತು. ಹುಟ್ಟುವ ಮೊದಲೇ ಗಂಡಹೆಂಡಿರು ಬೇರೆಯಾಗಿದ್ದರು. ಮಗುವನ್ನು ನೋಡಿಕೊಳ್ಳಲು ಅಜ್ಜಿ ಜಪಾನಿನಿಂದ ಬಂದಳು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅದೇ ವರ್ಷ ಅಲ್ಲೇ ಹುಟ್ಟಿದ ಜರ್ಮನ್ ತಂದೆಯ ಅವಳಿ ಮಕ್ಕಳದು ಇನ್ನೂ ಕಷ್ಟ. ಬಾಡಿಗೆ ತಾಯ್ತನವನ್ನು ಒಪ್ಪದ ಜರ್ಮನಿ ಅವರನ್ನು ಒಳಗೆ ಬಿಡಲಿಲ್ಲ. ಮಕ್ಕಳು ತಂದೆಯ ಊರು ಸೇರಲು 2010 ಬರಬೇಕಾಯಿತು. ಎರಡು ವರ್ಷ ದಾಟಿದ ಮಕ್ಕಳು, ಯಾವ ದೇಶದವೂ ಅಲ್ಲ!

2015ರಲ್ಲಿ ನಮ್ಮ ಸರಕಾರ ಪರದೇಶದವರಿಗೆ ಬಾಗಿಲು ಹಾಕಿತು. ಅದೇ ವರ್ಷ ಥಾಯ್ಲೆಂಡ್, ನೇಪಾಳಗಳೂ ಹಾಕಿದವು. ಮರುವರ್ಷ ಕಾಂಬೋಡಿಯಾ. ಬಸಿರಿಗೆ ಒಂಬತ್ತು ತಿಂಗಳು ಬೇಕು, ಕಾನೂನು ಬದಲಾಗಲು ಒಂದು ಆದೇಶ ಸಾಕು. 2020ರ ಕೊರೊನಾದಲ್ಲಿ ಗಡಿ ಮುಚ್ಚಿದಾಗ ಉಕ್ರೇನಿನ ಕೀವ್ ನಗರದ ಹೋಟೆಲೊಂದರಲ್ಲಿ ಹತ್ತಾರು ಹಸುಗೂಸುಗಳು ಸಾಲುತೊಟ್ಟಿಲಲ್ಲಿದ್ದವು. ತಾಯ್ತಂದೆಯರು ಒಳಗೆ ಬರುವಂತಿರಲಿಲ್ಲ.

ಹಾಗಾಗಿ ಆ ದೇಶದ ಕಾನೂನನ್ನು ಅಲ್ಲಿನದೇ ವಕೀಲರಿಂದ ತಿಳಿದುಕೊ. ಏಜೆಂಟ್ ಕೊಡಿಸುವ ವಕೀಲರು ಬೇಡ, ನೀವೇ ಫೀಸು ಕೊಟ್ಟವರು ಇರಲಿ. ಜನನ ಪ್ರಮಾಣಪತ್ರದಲ್ಲಿ ತಾಯಿ ಎಂದು ಯಾರ ಹೆಸರು ಬರುತ್ತದೆ ಎಂದು ವಿಚಾರಿಸು. ಪರದೇಶದಲ್ಲಿ ಹುಟ್ಟಿದ ಭಾರತೀಯರ ಮಗುವನ್ನು ಒಂದು ವರ್ಷದೊಳಗೆ ನಮ್ಮ ರಾಯಭಾರ ಕಚೇರಿಯಲ್ಲಿ ನೋಂದಾಯಿಸಬೇಕು. ಅಲ್ಲಿ ಏನೇನು ದಾಖಲೆ ಕೇಳುತ್ತಾರೆಂದು ಈಗಲೇ ಬರೆದು ಕೇಳಿ, ಲಿಖಿತ ಉತ್ತರ ತರಿಸಿಕೊ. ಇಲ್ಲಿ ಶೈತ್ಯದಲ್ಲಿಟ್ಟಿರುವ ನಿಮ್ಮ ಭ್ರೂಣಗಳನ್ನು ಹೊರಗೆ ಒಯ್ಯಲು ಬಾಡಿಗೆ ತಾಯ್ತನದ ರಾಷ್ಟ್ರೀಯ ಮಂಡಳಿಯ ಅನುಮತಿ ಬೇಕು. ‘ನಾವು ನೋಡಿಕೊಳ್ಳುತ್ತೇವೆ’ ಎಂದು ಏಜೆಂಟ್ ಅಂದರೆ ನಂಬಬೇಡ.

ಅದಕ್ಕೂ ಮುಂಚೆ ಇಲ್ಲಿನ ದಾರಿಯನ್ನೇ ಯಾಕೆ ನೋಡಬಾರದು? 2022ರ ಜನವರಿಯಿಂದ ಜಾರಿಯಲ್ಲಿರುವ ಕಾನೂನು ದುಡ್ಡಿನ ವ್ಯವಹಾರವನ್ನು ನಿಷೇಧಿಸಿದೆ, ಬಾಡಿಗೆ ತಾಯ್ತನವನ್ನೇ ಅಲ್ಲ. ಅದು ಕೇಳುವುದು ಇಷ್ಟು: ಹೆಂಡತಿಗೆ 23ರಿಂದ 50, ಗಂಡನಿಗೆ 26ರಿಂದ 55 ವಯಸ್ಸು, ಮಕ್ಕಳಿಲ್ಲದ ದಂಪತಿ, ವೈದ್ಯಕೀಯ ಕಾರಣ. ಇಷ್ಟೂ ನಿಮಗೆ ಒದಗುತ್ತದೆ. ಜಿಲ್ಲಾ ವೈದ್ಯಕೀಯ ಮಂಡಳಿಯ ಪ್ರಮಾಣಪತ್ರ, ಮ್ಯಾಜಿಸ್ಟ್ರೇಟರ ಆದೇಶ ಸಿಕ್ಕರೆ ಮಗು ಹುಟ್ಟಿದಾಗಿನಿಂದಲೇ ನಿಮ್ಮದು. ಅಂಡಾಣು ಕೈಕೊಟ್ಟರೆ, ಜಿಲ್ಲಾ ಮಂಡಳಿ ಒಪ್ಪಿದಲ್ಲಿ, ದಾನಿಯದನ್ನು ಬಳಸಲು 2024ರ ಫೆಬ್ರುವರಿಯ ತಿದ್ದುಪಡಿ ಅವಕಾಶ ಕೊಟ್ಟಿದೆ. ನಮ್ಮ ಕರ್ನಾಟಕದಲ್ಲೇ, ಇದ್ದೊಬ್ಬ ಮಗನನ್ನು ಕಳೆದುಕೊಂಡ ದಂಪತಿಯಲ್ಲಿ ಗಂಡನ ವಯಸ್ಸು 55 ಮೀರಿತ್ತು. ಆದರೂ 2023ರಲ್ಲಿ ಹೈಕೋರ್ಟು ಅವರ ಮೊರೆಗೆ ಕಿವಿಗೊಟ್ಟಿತು.

ಕಷ್ಟವಿರುವುದು ಹೊರಲು ಒಪ್ಪುವ ಹೆಣ್ಣು ಸಿಗುವುದರಲ್ಲಿ. 25ರಿಂದ 35ರ ನಡುವಿನ, ಸ್ವಂತ ಮಗುವಿರುವ ಒಬ್ಬಳು, ಜೀವಮಾನದಲ್ಲಿ ಒಂದೇ ಸಲ, ಹಣವಿಲ್ಲದೆ ಒಪ್ಪಬೇಕು. ಆಸ್ಪತ್ರೆಯ ಖರ್ಚು, 36 ತಿಂಗಳ ವಿಮೆ ನಿಮ್ಮ ಹೊಣೆ. ಪರದೇಶದಲ್ಲಿ ದುಡ್ಡು ಕೊಟ್ಟರೆ ಸಿಗುತ್ತಾಳೆ, ನಿಜ. ಅವಳಿಗೆ ವಿಮೆಯಿದೆಯೇ? ಒಪ್ಪಂದದ ಹಣದಲ್ಲಿ ಅವಳ ಕೈಗೆ ಎಷ್ಟು ಹೋಗುತ್ತದೆ? ಹೆರಿಗೆಯಲ್ಲಿ ಅವಳ ಜೀವಕ್ಕೆ ಆಪತ್ತಾದರೆ ಯಾರು ನಿಲ್ಲುತ್ತಾರೆ? ನೇಪಾಳಕ್ಕೆ ಈ ಕೆಲಸಕ್ಕಾಗಿ ನಮ್ಮ ದೇಶದ ಬಡ ಹೆಂಗಸರನ್ನೇ ಒಯ್ಯುತ್ತಿದ್ದರು. ಮಗು ಹೊರುವ ಹೆಂಗಸಿನೊಂದಿಗೆ ನೇರವಾಗಿ ಮಾತಾಡಲು ಬಿಡದ ಕಡೆ ನೀನು ಕಾಲಿಡಬೇಡ. ಇದರಲ್ಲಿ ನನ್ನದು ಹಟವೇ ಅನ್ನು.

ತೋಟದ ಪತ್ರ ಬ್ಯಾಂಕಿಗೆ ಕೊಡುವ ಮುನ್ನ ಆಸ್ಪತ್ರೆಯ ಕಾಗದಗಳನ್ನೆಲ್ಲ ಜೋಡಿಸಿಕೊಂಡು ಅಳಿಯಂದಿರ ಜೊತೆ ನಾಸಿಕಕ್ಕೆ ಹೋಗು. ಜಿಲ್ಲಾ ವೈದ್ಯಕೀಯ ಮಂಡಳಿಗೆ ಅರ್ಜಿ ಹಾಕುವ ಬಗೆ ವಿಚಾರಿಸು. ಜೊತೆಗೆ ಬಾ ಅಂದರೆ ನಾನೂ ಬರುತ್ತೇನೆ.